ನೀಲಿ ಟೊಪ್ಪಿಗೆಯ ಚೀನಾ: ಒಂದು ವಿಮರ್ಶೆ

ಚೀನಾ ಸರ್ಕಾರವು ೨೦೨೦ರ ಸೆಪ್ಟೆಂಬರ್ ತಿಂಗಳಲ್ಲಿ ಒಂದು ಶ್ವೇತಪತ್ರವನ್ನು ಹೊರತಂದಿತು. ವಿಶ್ವಸಂಸ್ಥೆಯ ಶಾಂತಿಪಾಲನಾ ಕಾರ್ಯದಲ್ಲಿ ಆ ದೇಶದ ಸೇನೆ ಮೂವತ್ತು ವರ್ಷ ದುಡಿದುದರ ವರದಿ ಅದು. ಇಂಗ್ಲಿಷಿನಲ್ಲಿಯೂ ದೊರೆಯುವ ಈ ಪುಸ್ತಿಕೆಯನ್ನು ನಮ್ಮ ವಾಚಕರಲ್ಲಿ ಬಹುಮಂದಿ ನೋಡಿರಲಾರರು. ನೋಡಬೇಕೆಂದು ಅನಿಸಿಯೂ ಇರಲಾರದು. ಅದು ಹೊರಬಿದ್ದ ಕಾಲವೇ ಅಂಥದು. ಮೂರು ತಿಂಗಳ ಹಿಂದೆಯಷ್ಟೇ, ಜೂನ್ ೧೫ರ ರಾತ್ರಿ, ಗಲ್ವಾನ್ ಕಣಿವೆಯಲ್ಲಿ ಚೀನೀ ಸೈನಿಕರೊಡನೆ ನಡೆದ ಕಾಳಗದಲ್ಲಿ ನಮ್ಮ ಇಪ್ಪತ್ತು ಮಂದಿ ಯೋಧರು ಮಡಿದಿದ್ದರು. ಅದೇ ಸೇನೆಗೆ ಅದೇ ಸರ್ಕಾರ ಶಾಂತಿಪಾಲನೆಯ ಹೆಸರಿನಲ್ಲಿ ಬರೆದುಕೊಟ್ಟ ಪ್ರಶಸ್ತಿಪತ್ರವನ್ನು ತಣ್ಣನೆಯ ಮನಸ್ಸಿನಿಂದ ಓದುವುದು ಆಗ ಯಾರಿಗೆ ತಾನೆ ಸಾಧ್ಯವಿತ್ತು?

ಈಗ ಕೊಂಚ ಸಮಾಧಾನದಿಂದ ಓದಬಹುದು. ಓದಲೂಬೇಕು. ಏಕೆಂದರೆ ಗಲ್ವಾನಿನಲ್ಲಿ ಆ ಕಾಳಗ ನಡೆದ ದಿನಗಳಲ್ಲಿಯೇ ದಕ್ಷಿಣ ಸುಡಾನಿನಲ್ಲಿ, ಲೆಬನಾನಿನಲ್ಲಿ, ಕಾಂಗೋದಲ್ಲಿ ಭಾರತದ ಸೈನಿಕನೂ ಚೀನಾದ ಸೈನಿಕನೂ ಒಂದೇ ನೀಲಿ ಬಣ್ಣದ ಟೊಪ್ಪಿಗೆ ತೊಟ್ಟು ಒಂದೇ ಬಾವುಟದ ಕೆಳಗೆ ಕಾವಲು ನಿಂತಿದ್ದರು. ಈ ವಿಚಿತ್ರವನ್ನು ಅರ್ಥಮಾಡಿಕೊಳ್ಳದೆ ಇಂದಿನ ಜಗತ್ತನ್ನು ಅರ್ಥಮಾಡಿಕೊಳ್ಳಲಾಗದು.

ನಮ್ಮ ಸಂಘದಲ್ಲಿ ಕಾರ್ಯಕ್ರಮ ಮುಗಿದು ಕಾಫಿಯ ಲೋಟ ಕೈಗೆ ಬಂದ ಹೊತ್ತಿನಲ್ಲಿ ಚೀನಾದ ಮಾತೆದ್ದರೆ ತಟ್ಟನೆ ಎರಡು ಪಕ್ಷಗಳಾಗುತ್ತವೆ. ಒಂದು ಪಕ್ಷದವರಿಗೆ ಚೀನಾದ ಶಾಂತಿಪಡೆ ಶುದ್ಧ ಗೋಮುಖವ್ಯಾಘ್ರ. ಇನ್ನೊಂದು ಪಕ್ಷದವರು, "ಏನೇ ಹೇಳಿ, ಅವರು ಹಿಡಿದ ಕೆಲಸ ಮಾಡಿ ತೋರಿಸುತ್ತಾರೆ, ನಮ್ಮದು ಬರೀ ಮಾತು" ಎಂದು ತಲೆದೂಗುತ್ತಾರೆ. ಎರಡೂ ಪಕ್ಷದವರು ಕಾಗದಪತ್ರ ನೋಡಿದವರಲ್ಲ ಎಂದು ನಮ್ಮ ಗುಮಾನಿ. ಕಡತ ನೋಡುವುದೇ ಹೊಟ್ಟೆಪಾಡಾದ ನಮ್ಮಂಥವರಿಗೆ ಒಂದು ಅಭ್ಯಾಸ ಬಿದ್ದುಹೋಗಿರುತ್ತದೆ: ಮೇಲಿನ ಟಿಪ್ಪಣಿ ಎಷ್ಟೇ ಅಂದವಾಗಿರಲಿ, ಕೆಳಗಿನ ಹಳೆಯ ಕಾಗದಗಳನ್ನು ತಿರುವಿ ನೋಡದೆ ಅಭಿಪ್ರಾಯ ಹೇಳುವುದಿಲ್ಲ. ಈ ಶ್ವೇತಪತ್ರವನ್ನೂ ಹಾಗೆಯೇ ನೋಡುವುದು ನಮ್ಮ ಉದ್ದೇಶ.

ಟಿಪ್ಪಣಿಯೇನೋ ಅಂದವಾಗಿಯೇ ಇದೆ. ಮೂವತ್ತು ವರ್ಷಗಳಲ್ಲಿ ೪೦,೦೦೦ಕ್ಕೂ ಹೆಚ್ಚು ಸೈನಿಕರು ವಿಶ್ವಸಂಸ್ಥೆಯ ೨೫ ಕಾರ್ಯಾಚರಣೆಗಳಿಗೆ ಹೋಗಿದ್ದಾರೆ. ೧೭,೦೦೦ ಕಿಲೋಮೀಟರಿಗೂ ಹೆಚ್ಚು ರಸ್ತೆ, ೩೦೦ಕ್ಕೂ ಹೆಚ್ಚು ಸೇತುವೆಗಳನ್ನು ಕಟ್ಟಿದ್ದಾರೆ ಅಥವಾ ದುರಸ್ತಿ ಮಾಡಿದ್ದಾರೆ. ನೆಲಬಾಂಬುಗಳನ್ನು ಕಿತ್ತಿದ್ದಾರೆ, ರೋಗಿಗಳಿಗೆ ಚಿಕಿತ್ಸೆ ಮಾಡಿದ್ದಾರೆ. ಹದಿನಾರು ಮಂದಿ ಪ್ರಾಣ ತೆತ್ತಿದ್ದಾರೆ. ಭದ್ರತಾ ಮಂಡಳಿಯ ಐದು ಖಾಯಂ ಸದಸ್ಯರ ಪೈಕಿ ಅತಿ ಹೆಚ್ಚು ಸೈನಿಕರನ್ನು ಕೊಡುವ ದೇಶ ತನ್ನದೆಂದು ಚೀನಾ ಹೇಳಿಕೊಳ್ಳುತ್ತದೆ. ಅದು ನಿಜವೂ ಹೌದು. ಈ ಅಂಕಿಗಳನ್ನು ಹಗುರವಾಗಿ ಕಾಣುವುದು ಸಲ್ಲದು. ಆಫ್ರಿಕದ ಕೆಮ್ಮಣ್ಣಿನಲ್ಲಿ, ಮಳೆಗಾಲದಲ್ಲಿ, ರಸ್ತೆ ಮಾಡುವುದೆಂದರೆ ಭಾಷಣ ಮಾಡಿದಂತಲ್ಲ.

ನಮ್ಮ ತಕರಾರು ಅಂಕಿಗಳ ಮೇಲಲ್ಲ, ಲೆಕ್ಕ ಆರಂಭವಾಗುವ ತಾರೀಖಿನ ಮೇಲೆ. ೧೯೯೦ರಿಂದ ಎಣಿಸಿದರೆ ಮೂವತ್ತು ವರ್ಷ. ಚೀನೀ ಜನಾಂಗ ಮೊದಲಿನಿಂದಲೂ ಶಾಂತಿಪ್ರಿಯ, ಆದ್ದರಿಂದ ಅದರ ಸೇನೆಯೂ ಶಾಂತಿ ಕಾಯಲು ಹೊರಟಿತು ಎಂಬ ಧಾಟಿಯಲ್ಲಿ ಪುಸ್ತಿಕೆ ಸಾಗುತ್ತದೆ. ನದಿ ಬೆಟ್ಟದಿಂದ ಇಳಿದು ಸಮುದ್ರ ಸೇರಿದಷ್ಟು ಸಹಜವಾಗಿ! ೧೯೯೦ರ ಹಿಂದೆ ನಲವತ್ತು ವರ್ಷಗಳ ಇನ್ನೊಂದು ಕಡತವಿದೆ. ಅದನ್ನು ತೆರೆದರೆ ಈ ಸಹಜತೆ ನಿಲ್ಲುವುದಿಲ್ಲ.

ಕಡತದ ಮೊದಲ ಕಾಗದ ಕೊರಿಯಾದ್ದು. ೧೯೫೦ರಲ್ಲಿ ಅಮೆರಿಕದ ಮುಂದಾಳತ್ವದ ಸೇನೆ ವಿಶ್ವಸಂಸ್ಥೆಯ ಬಾವುಟ ಹಿಡಿದು ಕೊರಿಯಾದಲ್ಲಿ ಕಾದಿತು. ಆ ವರ್ಷದ ಅಕ್ಟೋಬರಿನಲ್ಲಿ 'ಸ್ವಯಂಸೇವಕರು' ಎಂಬ ಹೆಸರಿನಲ್ಲಿ ಚೀನಾದ ಸೇನೆ ಆ ಬಾವುಟದ ವಿರುದ್ಧ ರಣರಂಗಕ್ಕಿಳಿಯಿತು. ೧೯೫೧ರ ಫೆಬ್ರವರಿ ೧ರಂದು ವಿಶ್ವಸಂಸ್ಥೆಯ ಮಹಾಸಭೆ ಚೀನಾವನ್ನು ಆಕ್ರಮಣಕಾರನೆಂದು ಘೋಷಿಸಿತು. ಭಾರತ ಆ ನಿರ್ಣಯದ ವಿರುದ್ಧ ಮತ ಹಾಕಿತೆಂಬುದನ್ನು ಇಲ್ಲಿ ನೆನೆಯಬೇಕು. ಕೊರಿಯಾದ್ದು ಯುದ್ಧವೇ ಹೊರತು ಇಂದಿನ ಅರ್ಥದ ಶಾಂತಿಪಾಲನೆಯಲ್ಲ, ಸರಿ. ಆದರೆ ಆ ನೀಲಿ ಬಾವುಟವೆಂದರೆ ಶತ್ರುವಿನ ಬಾವುಟ ಎಂಬುದು ಬೀಜಿಂಗಿನ ಒಂದು ತಲೆಮಾರಿನ ಮನಸ್ಸಿನಲ್ಲಿ ಅಚ್ಚೊತ್ತಿಹೋಯಿತು. ಜೊತೆಗೆ ಇನ್ನೊಂದು ಗಾಯ: ವಿಶ್ವಸಂಸ್ಥೆಯಲ್ಲಿ ಚೀನಾದ ಕುರ್ಚಿಯಲ್ಲಿ ಕುಳಿತಿದ್ದುದು ತೈವಾನಿಗೆ ಓಡಿಹೋಗಿದ್ದ ಚಿಯಾಂಗ್ ಕೈ ಷೇಕರ ಸರ್ಕಾರ.

ಇಲ್ಲಿ ನಮ್ಮ ನಾಡಿನವರೊಬ್ಬರು ಕಡತದೊಳಗೆ ಬರುತ್ತಾರೆ. ಮಡಿಕೇರಿಯಲ್ಲಿ ಹುಟ್ಟಿದ ಕೆ. ಎಸ್. ತಿಮ್ಮಯ್ಯನವರು. ೧೯೫೩ರ ಜುಲೈ ೨೭ರಂದು ಕೊರಿಯಾದಲ್ಲಿ ಕದನವಿರಾಮವಾದಾಗ, ತಮ್ಮ ದೇಶಕ್ಕೆ ಹಿಂದಿರುಗಲು ಒಲ್ಲೆನೆಂದ ಸುಮಾರು ಇಪ್ಪತ್ತೆರಡು ಸಾವಿರ ಯುದ್ಧಕೈದಿಗಳು ಉಳಿದಿದ್ದರು. ಅವರಲ್ಲಿ ಹದಿನಾಲ್ಕು ಸಾವಿರಕ್ಕೂ ಮೇಲ್ಪಟ್ಟು ಚೀನೀಯರು. ಅವರನ್ನು ನೋಡಿಕೊಳ್ಳಲು ಐದು ತಟಸ್ಥ ರಾಷ್ಟ್ರಗಳ ಆಯೋಗವೊಂದಾಯಿತು. ತಿಮ್ಮಯ್ಯನವರು ಅದರ ಅಧ್ಯಕ್ಷರು. ಮೇಜರ್ ಜನರಲ್ ತೋರಾಟರ ನೇತೃತ್ವದ ಭಾರತೀಯ ಪಡೆ ಕೈದಿಗಳ ಕಾವಲಿಗೆ. ಸ್ವದೇಶಕ್ಕೆ ಮರಳುವಂತೆ ಕೈದಿಗಳ ಮನವೊಲಿಸಲು ತೊಂಬತ್ತು ದಿನಗಳ ಅವಕಾಶವಿತ್ತು. ಆ ಕಾರ್ಯ ಅರೆಬರೆಯಾಗಿ ನಿಂತಿತು. ಅವಧಿಯನ್ನು ಬೆಳೆಸಬೇಕೆಂದು ಬೀಜಿಂಗ್ ಪಟ್ಟುಹಿಡಿಯಿತು, ಬಿಟ್ಟುಬಿಡಿರೆಂದು ಅಮೆರಿಕ. ಕೊನೆಗೆ ೧೯೫೪ರ ಜನವರಿಯಲ್ಲಿ ತಿಮ್ಮಯ್ಯನವರು ಕೈದಿಗಳನ್ನು ಅವರು ಬಂದ ಕೈಗೇ ಒಪ್ಪಿಸಿದರು. ಆ ಚೀನೀಯರು ಹಡಗು ಹತ್ತಿ ತೈವಾನಿಗೆ ಹೋದರು. ಬೀಜಿಂಗ್ ಪ್ರತಿಭಟಿಸಿತು. ಅದರ ಕಣ್ಣಿನಲ್ಲಿ, ಸ್ನೇಹದ ನೆರೆಯವನೇ ನಡುವೆ ನಿಂತರೂ ಫಲ ಬಂದದ್ದು ಎದುರಾಳಿಯ ಬುಟ್ಟಿಗೆ. ಪಂಚಶೀಲದ ಒಪ್ಪಂದಕ್ಕೆ ಇನ್ನು ಮೂರೇ ತಿಂಗಳಿತ್ತು, ಆದ್ದರಿಂದ ಮಾತು ಬೆಳೆಯಲಿಲ್ಲ. ತಿಮ್ಮಯ್ಯನವರ ಹೆಸರನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಮತ್ತೆ ಬರುತ್ತದೆ.

೧೯೫೬ರ ಸೂಯೆಜ್, ೧೯೬೦ರ ಕಾಂಗೋ, ಎಲ್ಲಕ್ಕೂ ಚೀನಾದ ಉತ್ತರ ಒಂದೇ: ಇವು ಸಾಮ್ರಾಜ್ಯಶಾಹಿಯ ಆಯುಧಗಳು. ಕಾಂಗೋದಲ್ಲಿ ಲುಮುಂಬಾ ಕೊಲೆಯಾದ ಮೇಲೆ ಈ ಮಾತಿಗೆ ಆಫ್ರಿಕದಲ್ಲಿ ಕೇಳುವ ಕಿವಿಗಳೂ ಇದ್ದವು. ೧೯೬೫ರಲ್ಲಿ ಇಂಡೋನೇಷ್ಯದ ಸುಕಾರ್ನೋ ವಿಶ್ವಸಂಸ್ಥೆಯನ್ನು ಬಿಟ್ಟು ಹೊರನಡೆದಾಗ ಚೌ ಎನ್ ಲಾಯ್ 'ಕ್ರಾಂತಿಕಾರಿ ವಿಶ್ವಸಂಸ್ಥೆ'ಯೊಂದನ್ನೇ ಬೇರೆ ಕಟ್ಟಬಹುದೆಂದರು. ಕಟ್ಟಲಿಲ್ಲ, ಅದು ಬೇರೆ ಮಾತು.

೧೯೭೧ರ ಅಕ್ಟೋಬರ್ ೨೫ರಂದು ಕುರ್ಚಿ ಬೀಜಿಂಗಿಗೆ ದೊರೆಯಿತು. ೭೬ ಮತ ಪರ, ೩೫ ವಿರುದ್ಧ. ೧೯೬೨ರ ಗಾಯ ಹಸಿಯಾಗಿದ್ದರೂ ಭಾರತ ಪರವಾಗಿ ಮತ ಹಾಕಿತು. ಇನ್ನು ಚೀನಾ ಪ್ರತಿಯೊಂದು ಶಾಂತಿಪಡೆಗೂ ವೀಟೋ ಹಾಕುತ್ತದೆಂದು ಅನೇಕರು ನಿರೀಕ್ಷಿಸಿದರು. ಅದು ಮಾಡಿದ್ದೇ ಬೇರೆ. ೧೯೭೩ರಲ್ಲಿ ಸಿನಾಯ್ ಮರುಭೂಮಿಗೆ ಎರಡನೆಯ ತುರ್ತುಪಡೆ ಕಳುಹುವ ನಿರ್ಣಯ ಬಂದಾಗ ಚೀನಾದ ಪ್ರತಿನಿಧಿ ಪರವೂ ಹೇಳಲಿಲ್ಲ, ವಿರುದ್ಧವೂ ಹೇಳಲಿಲ್ಲ, ತಟಸ್ಥನೆಂದೂ ಕೈ ಎತ್ತಲಿಲ್ಲ. 'ಮತದಾನದಲ್ಲಿ ಭಾಗವಹಿಸಲಿಲ್ಲ' ಎಂದು ದಾಖಲೆಯಾಯಿತು. ೧೯೭೮ರಲ್ಲಿ ಲೆಬನಾನಿನ ಪಡೆಗೂ ಅದೇ. ಖರ್ಚಿನ ಪಾಲನ್ನು ಕೇಳಿದರೆ ಅದನ್ನೂ ಕೊಡಲಿಲ್ಲ. ಒಪ್ಪಿಗೆಯೆಂದೂ ಬರೆಯದೆ, ಒಪ್ಪಿಗೆಯಿಲ್ಲವೆಂದೂ ಬರೆಯದೆ ಕಡತವನ್ನು ಪಕ್ಕದ ಮೇಜಿಗೆ ಸರಿಸುವ ಅಧಿಕಾರಿಯನ್ನು ಸರ್ಕಾರಿ ನೌಕರರೆಲ್ಲರೂ ಬಲ್ಲರು. ಅವನು ದಡ್ಡನಲ್ಲ. ಚೀನಾದ ಸಂಕಟವೂ ಹಾಗೆಯೇ: ತತ್ತ್ವ ವಿರೋಧಿಸು ಎನ್ನುತ್ತಿತ್ತು, ಆದರೆ ಪಡೆ ಬೇಕೆಂದು ಕೇಳುತ್ತಿದ್ದುದು ಈಜಿಪ್ಟ್, ಲೆಬನಾನುಗಳಂಥ ಮೂರನೆಯ ಜಗತ್ತಿನ ದೇಶಗಳು. ಯಾರ ಮುಂದಾಳಾಗಲು ಅದು ಬಯಸಿತ್ತೋ ಅವರ ಕೋರಿಕೆಯನ್ನು ವೀಟೋ ಮಾಡುವುದು ಹೇಗೆ?

ಮೊದಲ ಸಹಿ ಬಿದ್ದದ್ದು ೧೯೮೧ರ ಡಿಸೆಂಬರಿನಲ್ಲಿ. ಸೈಪ್ರಸ್ಸಿನ ಶಾಂತಿಪಡೆಯ ಅವಧಿಯನ್ನು ವಿಸ್ತರಿಸುವ ನಿರ್ಣಯಕ್ಕೆ ಚೀನಾ 'ಹೌದು' ಎಂದಿತು. ಸೈಪ್ರಸ್! ಹದಿನಾರು ವರ್ಷಗಳ ಹಿಂದೆ, ೧೯೬೫ರ ಡಿಸೆಂಬರಿನಲ್ಲಿ, ಅದೇ ಪಡೆಯ ದಂಡನಾಯಕರಾಗಿದ್ದಾಗಲೇ ತಿಮ್ಮಯ್ಯನವರು ಆ ದ್ವೀಪದಲ್ಲಿ ಕಣ್ಣುಮುಚ್ಚಿದ್ದರು. ಸೈಪ್ರಸ್ ಸರ್ಕಾರ ಮರುವರ್ಷ ಅವರ ಸ್ಮರಣೆಗೆ ಅಂಚೆಚೀಟಿ ಹೊರಡಿಸಿತು. ಕೊರಿಯಾದಲ್ಲಿ ತಿಮ್ಮಯ್ಯನವರ ತೀರ್ಮಾನವನ್ನು ಪ್ರತಿಭಟಿಸಿದ ರಾಜ್ಯ ಇಪ್ಪತ್ತೇಳು ವರ್ಷಗಳ ಮೇಲೆ ಅವರ ಪಡೆಯೇ ಮುಂದುವರಿಯಲಿ ಎಂದು ಕೈ ಎತ್ತಿತು. ಇದನ್ನು ಯಾರೂ ಯೋಜಿಸಿದ್ದಲ್ಲ. ಇತಿಹಾಸ ಕೆಲವೊಮ್ಮೆ ಹೀಗೆ ತನ್ನಷ್ಟಕ್ಕೆ ತಾನೇ ಗಂಟು ಹಾಕುತ್ತದೆ.

ಕೈ ಎತ್ತಿದ್ದೇಕೆ? ೧೯೭೮ರ ಕೊನೆಯಿಂದ ಡೆಂಗ್ ಷಿಯಾವೊಪಿಂಗ್ ದೇಶದ ಬಾಗಿಲನ್ನು ವ್ಯಾಪಾರಕ್ಕೆ ತೆರೆದಿದ್ದರು. ವ್ಯಾಪಾರಕ್ಕೆ ಸುತ್ತಮುತ್ತ ನೆಮ್ಮದಿ ಬೇಕು. ೧೯೮೨ರಿಂದ ಚೀನಾ ಖರ್ಚಿನ ಪಾಲು ಕೊಡತೊಡಗಿತು. ೧೯೮೮ರಲ್ಲಿ, ವಿಶ್ವಸಂಸ್ಥೆಯ ಶಾಂತಿಪಡೆಗಳಿಗೆ ನೊಬೆಲ್ ಬಹುಮಾನ ಬಂದ ವರ್ಷ, ಶಾಂತಿಪಾಲನೆಯ ವಿಶೇಷ ಸಮಿತಿಯ ಸದಸ್ಯನಾಯಿತು. ೧೯೮೯ರಲ್ಲಿ ನಮೀಬಿಯದ ಚುನಾವಣೆ ನೋಡಿಕೊಳ್ಳಲು ಇಪ್ಪತ್ತು ಮಂದಿ ನಾಗರಿಕರನ್ನು ಕಳುಹಿತು. (ಅಲ್ಲಿನ ಪಡೆಯ ದಂಡನಾಯಕರು ಭಾರತದ ಲೆಫ್ಟಿನೆಂಟ್ ಜನರಲ್ ದಿವಾನ್ ಪ್ರೇಮಚಂದ್.) ೧೯೯೦ರ ಏಪ್ರಿಲಿನಲ್ಲಿ ಐದು ಮಂದಿ ಸೇನಾ ವೀಕ್ಷಕರು ಪಶ್ಚಿಮ ಏಷ್ಯಕ್ಕೆ ಹೋದರು. ಶ್ವೇತಪತ್ರ ಲೆಕ್ಕ ಆರಂಭಿಸುವುದು ಇಲ್ಲಿಂದ.

೧೯೮೯ರ ಜೂನಿನಲ್ಲಿ ತಿಯನಾನ್ಮೆನ್ ಚೌಕದಲ್ಲಿ ನಡೆದ ಹತ್ಯೆಯ ಕಳಂಕ ತೊಳೆದುಕೊಳ್ಳಲೆಂದೇ ಚೀನಾ ನೀಲಿ ಟೊಪ್ಪಿಗೆ ತೊಟ್ಟಿತೆಂದು ಹೇಳುವವರಿದ್ದಾರೆ. ತಾರೀಖುಗಳು ಅದನ್ನು ಪೂರ್ತಿ ಒಪ್ಪುವುದಿಲ್ಲ. ಮತ ೧೯೮೧ರದು, ಹಣ ೧೯೮೨ರದು, ಸಮಿತಿ ೧೯೮೮ರದು. ತೊಳೆದುಕೊಳ್ಳಲು ಅನುಕೂಲವಾಯಿತು ಎನ್ನಬಹುದು, ಅದಕ್ಕಾಗಿಯೇ ಹೊರಟಿತೆನ್ನಲಾಗದು. ವಿರೋಧಿಯ ವಿಷಯದಲ್ಲಿಯೂ ತಾರೀಖು ತಪ್ಪಿಸಬಾರದು.

೧೯೯೨ರಲ್ಲಿ ಮೊದಲ ಬಾರಿಗೆ ಇಡೀ ತುಕಡಿ ಹೊರಟಿತು, ಕಾಂಬೋಡಿಯಕ್ಕೆ: ನಾನೂರು ಮಂದಿಯ ಇಂಜಿನಿಯರ್ ಪಡೆ. ಈ ಪುಟದಲ್ಲಿ ನಾವು ಸ್ವಲ್ಪ ಹೊತ್ತು ನಿಲ್ಲಬೇಕು. ಕಾಂಬೋಡಿಯವನ್ನು ಮಸಣ ಮಾಡಿದ ಖ್ಮೇರ್ ರೂಜ್ ಪಕ್ಷಕ್ಕೆ ಅಧಿಕಾರದಲ್ಲಿದ್ದಾಗಲೂ, ೧೯೭೯ರಲ್ಲಿ ವಿಯೆಟ್ನಾಮೀಯರು ಅದನ್ನು ಹೊರದೂಡಿದ ಮೇಲೂ, ಬೆನ್ನಿಗೆ ನಿಂತು ಆಯುಧ ಒದಗಿಸಿದ್ದು ಚೀನಾ. ಈಗ ಅದೇ ಚೀನಾದ ಸೈನಿಕರು ಅದೇ ನಾಡಿನ ಹಾಳುಬಿದ್ದ ರಸ್ತೆಗಳನ್ನು ಸರಿಪಡಿಸಿದರು. ೧೯೯೩ರ ಮೇ ತಿಂಗಳಲ್ಲಿ, ಚುನಾವಣೆಗೆ ಕೆಲವೇ ದಿನಗಳಿದ್ದಾಗ, ಅವರ ಶಿಬಿರದ ಮೇಲೆ ದಾಳಿಯಾಗಿ ಇಬ್ಬರು ಸತ್ತರು. ದಾಳಿ ಖ್ಮೇರ್ ರೂಜಿನದೆಂದೇ ವರದಿಯಾಯಿತು. ಆ ಇಬ್ಬರನ್ನು ಹುತಾತ್ಮರೆಂದು ಗೌರವಿಸುವುದು ನ್ಯಾಯ. ಆದರೆ ಅವರ ಮೇಲೆ ಹಾರಿದ ಗುಂಡು ಎಲ್ಲಿ ತಯಾರಾದದ್ದು ಎಂದು ಕೇಳುವ ಅಧ್ಯಾಯ ಇಂಥ ಸರ್ಕಾರಿ ಪುಸ್ತಿಕೆಗಳಲ್ಲಿ ಎಂದೂ ಇರುವುದಿಲ್ಲ. ಮನಪರಿವರ್ತನೆಯ ಕಥೆಯನ್ನು ಹೇಳಬೇಕಾದರೆ ಹಿಂದಿನ ಮನಸ್ಸನ್ನೂ ಹೇಳಬೇಕಾಗುತ್ತದೆ. ಅದು ಬೇಡವಾದ್ದರಿಂದಲೇ ಶ್ವೇತಪತ್ರ ತನ್ನ ದೇಶದ ಅತ್ಯಂತ ಸ್ವಾರಸ್ಯವಾದ ಕಥೆಯನ್ನು ಹೇಳದೆ ರಸ್ತೆಯ ಕಿಲೋಮೀಟರುಗಳನ್ನು ಎಣಿಸುತ್ತ ಕೂತಿದೆ.

ಬದಲಾವಣೆ ಎಷ್ಟರಮಟ್ಟಿಗಿನದು? ಇದನ್ನು ಅಳೆಯಲು ಎರಡು ವೀಟೋಗಳು ಒದಗಿಬಂದಿವೆ. ನಮ್ಮ ಬಿ.ಎಸ್ಸಿ. ತರಗತಿಯ ಪ್ರಯೋಗಶಾಲೆಯಲ್ಲಿ ಹೇಳಿಕೊಡುತ್ತಿದ್ದ ಪಾಠವೊಂದಿದೆ: ಕಾರಣ ಯಾವುದೆಂದು ತಿಳಿಯಬೇಕಾದರೆ ಉಳಿದೆಲ್ಲವನ್ನೂ ಇದ್ದಹಾಗೆಯೇ ಇಟ್ಟು ಒಂದನ್ನು ಮಾತ್ರ ಬದಲಾಯಿಸಿ ನೋಡು. ರಾಜಕೀಯದಲ್ಲಿ ಅಂಥ ಪ್ರಯೋಗ ದೊರೆಯುವುದು ಅಪರೂಪ. ಚೀನಾ ತಾನಾಗಿಯೇ ಒದಗಿಸಿಕೊಟ್ಟಿತು. ಮಧ್ಯ ಅಮೆರಿಕದ ಗ್ವಾಟೆಮಾಲಾದಲ್ಲಿ ಮೂವತ್ತಾರು ವರ್ಷದ ಅಂತರ್ಯುದ್ಧ ೧೯೯೬ರ ಡಿಸೆಂಬರ್ ೨೯ರಂದು ಒಪ್ಪಂದದಿಂದ ಮುಗಿಯಿತು. ಕದನವಿರಾಮ ನೋಡಿಕೊಳ್ಳಲು ೧೫೫ ಮಂದಿ ಸೇನಾ ವೀಕ್ಷಕರನ್ನು ಕಳುಹಬೇಕಿತ್ತು. ಹದಿನಾಲ್ಕು ರಾಷ್ಟ್ರಗಳು ಒಪ್ಪಿದವು. ೧೯೯೭ರ ಜನವರಿ ೧೦ರಂದು ಚೀನಾ ವೀಟೋ ಹಾಕಿತು. ಗ್ವಾಟೆಮಾಲಾ ತೈವಾನಿನ ಸ್ನೇಹಿತ, ಒಪ್ಪಂದದ ಸಮಾರಂಭಕ್ಕೆ ತೈವಾನಿನವರನ್ನು ಕರೆದಿತ್ತು ಎಂಬುದು ಅಪರಾಧ. ಹತ್ತೇ ದಿನ. ತೆರೆಮರೆಯಲ್ಲಿ ಮಾತುಕತೆಯಾಗಿ ಗ್ವಾಟೆಮಾಲಾ ತಗ್ಗಿದ ಮೇಲೆ ಜನವರಿ ೨೦ರಂದು ಅದೇ ೧೫೫ ಮಂದಿಗೆ ಅದೇ ಚೀನಾ ಒಪ್ಪಿಗೆ ಕೊಟ್ಟಿತು. ಕಾಡಿನಲ್ಲಿದ್ದ ಬಂದೂಕು ಬದಲಾಗಿರಲಿಲ್ಲ, ವೀಕ್ಷಕರ ಸಂಖ್ಯೆ ಬದಲಾಗಿರಲಿಲ್ಲ. ಬದಲಾಗಿದ್ದುದು ಒಂದೇ ಅಂಶ.

ಎರಡನೆಯದು ಇದಕ್ಕಿಂತ ಗಂಭೀರ. ಯುಗೊಸ್ಲಾವಿಯ ಒಡೆದು ಹುಟ್ಟಿದ ಮ್ಯಾಸಿಡೋನಿಯದಲ್ಲಿ (ಇಂದಿನ ಉತ್ತರ ಮ್ಯಾಸಿಡೋನಿಯ) ಸುಮಾರು ಒಂದು ಸಾವಿರ ಮಂದಿಯ ವಿಶ್ವಸಂಸ್ಥೆಯ ಪಡೆ ಗಡಿ ಕಾಯುತ್ತಿತ್ತು. ಬೆಂಕಿ ಬಿದ್ದ ಮೇಲೆ ನೀರು ಹೊರುವ ಪಡೆಗಳ ನಡುವೆ, ಬೆಂಕಿ ಬೀಳುವ ಮೊದಲೇ ನಿಲ್ಲಿಸಿದ ಪ್ರಥಮ ಪಡೆಯೆಂದು ಅದಕ್ಕೆ ಖ್ಯಾತಿ. ೧೯೯೯ರ ಜನವರಿಯ ಕೊನೆಯಲ್ಲಿ ಆ ದೇಶ ತೈವಾನಿಗೆ ಮನ್ನಣೆ ನೀಡಿತು. ಫೆಬ್ರವರಿ ೨೫ರಂದು ಪಡೆಯ ಅವಧಿ ವಿಸ್ತರಣೆಗೆ ಚೀನಾ ವೀಟೋ ಹಾಕಿತು. ಕೊಟ್ಟ ಕಾರಣ ತೈವಾನ್ ಅಲ್ಲ. ಅಲ್ಲಿನ ಪರಿಸ್ಥಿತಿ ಸ್ಥಿರವಾಗಿದೆ, ಪಡೆಯ ಅಗತ್ಯವಿಲ್ಲ ಎಂದು. ಒಂದು ತಿಂಗಳು ಕಳೆಯುವುದರೊಳಗೆ, ಮಾರ್ಚ್ ೨೪ರಂದು, ಪಕ್ಕದ ಕೊಸೊವೊ ಪ್ರಶ್ನೆಯ ಮೇಲೆ ನೇಟೋ ವಿಮಾನಗಳು ಬಾಂಬು ಸುರಿಸತೊಡಗಿದವು. ಎರಡು ಲಕ್ಷಕ್ಕೂ ಹೆಚ್ಚು ನಿರಾಶ್ರಿತರು ಆ 'ಸ್ಥಿರ' ದೇಶಕ್ಕೆ ನುಗ್ಗಿದರು. ವಿಶ್ವಸಂಸ್ಥೆಯ ಸಾವಿರ ಮಂದಿ ಇದ್ದಿದ್ದರೆ ಯುದ್ಧ ನಿಲ್ಲುತ್ತಿತ್ತೆಂದು ನಾವು ಹೇಳುವುದಿಲ್ಲ. ಆದರೆ ಒಂದು ಪುಟ್ಟ ದೇಶದ ಗಡಿಯ ಕಾವಲನ್ನು ಬೇರೊಂದು ಸಿಟ್ಟಿಗಾಗಿ ತೆಗೆಸಿದುದು ಸಣ್ಣತನ. ಇದಕ್ಕಿಂತ ಮೃದುವಾದ ಪದ ನಮಗೆ ಸಿಗಲಿಲ್ಲ. ೨೦೦೧ರಲ್ಲಿ ಮ್ಯಾಸಿಡೋನಿಯ ತೈವಾನನ್ನು ಬಿಟ್ಟು ಬೀಜಿಂಗಿಗೆ ಮರಳಿತು.

ಇಷ್ಟು ಹೇಳಿ ನಿಲ್ಲಿಸಿದರೆ ಕಾಫಿಯ ಮೊದಲ ಪಕ್ಷದವರಿಗೆ ಸಂತೋಷವಾದೀತು. ಕಡತ ಅಲ್ಲಿಗೆ ಮುಗಿಯುವುದಿಲ್ಲ. ಭದ್ರತಾ ಮಂಡಳಿಯನ್ನು ಕೇಳದೆಯೇ ನೇಟೋ ಯುದ್ಧ ಹೂಡಿದ್ದು, ಮೇ ತಿಂಗಳಲ್ಲಿ ಬೆಲ್‌ಗ್ರೇಡಿನ ಚೀನೀ ರಾಯಭಾರ ಕಚೇರಿಯ ಮೇಲೆಯೇ ಬಾಂಬು ಬಿದ್ದು ಮೂವರು ಸತ್ತದ್ದು ಬೀಜಿಂಗಿಗೆ ಒಂದು ಪಾಠ ಕಲಿಸಿತೆಂದು ನಮಗೆ ತೋರುತ್ತದೆ. ಮಂಡಳಿಯ ಪಡೆಯನ್ನು ದುರ್ಬಲಗೊಳಿಸಿದರೆ ಬಲಿಷ್ಠರು ಮಂಡಳಿಯನ್ನು ಕೇಳದೆ ಬರುತ್ತಾರೆ. ಕೇಳಿ ಬರುವ ಪಡೆಯಲ್ಲಿ ತಾನೂ ಇರುವುದು ಲೇಸು. ೨೦೦೩ರಿಂದ ಚೀನೀ ತುಕಡಿಗಳು ಕಾಂಗೋಗೆ, ಲೈಬೀರಿಯಕ್ಕೆ, ಸುಡಾನಿಗೆ ಸಾಲುಗಟ್ಟಿ ಹೊರಟವು. ಲೈಬೀರಿಯ ತೈವಾನನ್ನು ಬಿಟ್ಟ ಬೆನ್ನಲ್ಲೇ ಅಲ್ಲಿಗೆ ಇಂಜಿನಿಯರುಗಳು ಬಂದರೆಂಬುದು ನಿಜ. ಆದರೆ ೨೦೦೪ರಲ್ಲಿ ಹೈಟಿಗೂ ಚೀನೀ ಪೊಲೀಸರು ಹೋದರು, ಆಗಲೂ ಈಗಲೂ ತೈವಾನಿಗೆ ಮನ್ನಣೆ ಕೊಟ್ಟಿರುವ ದೇಶ ಅದು! ಗ್ವಾಟೆಮಾಲಾದ ಅಳತೆಗೋಲಿನಿಂದ ನೋಡಿದರೆ ಇದು ಆಗಬಾರದಿತ್ತು. ೨೦೧೦ರ ಜನವರಿಯ ಭೂಕಂಪದಲ್ಲಿ ಅಲ್ಲಿ ಎಂಟು ಮಂದಿ ಚೀನೀ ಪೊಲೀಸರು ಮಡಿದರು. ೨೦೦೬ರ ಜುಲೈನಲ್ಲಿ ಲೆಬನಾನಿನ ಖಿಯಾಮ್ ಠಾಣೆಯ ಮೇಲೆ ಇಸ್ರೇಲಿ ಬಾಂಬು ಬಿದ್ದು ಸತ್ತ ನಾಲ್ವರು ವೀಕ್ಷಕರಲ್ಲಿ ಒಬ್ಬರು ಚೀನಾದ ಡು ಝಾವೊಯು. ೨೦೦೭ರಲ್ಲಿ ಪಶ್ಚಿಮ ಸಹಾರಾದ ಕಾರ್ಯಾಚರಣೆಗೆ ಮೊದಲ ಬಾರಿ ಚೀನೀ ದಂಡನಾಯಕರೊಬ್ಬರು ನೇಮಕವಾದರು. ಅದೇ ವರ್ಷ, ತನ್ನ ಎಣ್ಣೆ ವ್ಯಾಪಾರದ ಗೆಳೆಯನಾದ ಸುಡಾನ್ ಸರ್ಕಾರ ಡಾರ್ಫರಿಗೆ ಶಾಂತಿಪಡೆಯನ್ನು ಒಪ್ಪುವಂತೆ ಮಾಡಲು ಚೀನಾ ಒತ್ತಡ ಹಾಕಿತು.

ಅಲ್ಲಿಯವರೆಗೆ ಹೋದವರು ಇಂಜಿನಿಯರುಗಳು, ವೈದ್ಯರು, ವೀಕ್ಷಕರು, ಪೊಲೀಸರು. ಬಂದೂಕು ಹಿಡಿದು ಜನರನ್ನು ಕಾಯುವ ಪೂರ್ಣ ಕಾಲ್ದಳ ಹೋದದ್ದು ೨೦೧೫ರಲ್ಲಿ ದಕ್ಷಿಣ ಸುಡಾನಿಗೆ, ಎಳುನೂರು ಮಂದಿ. ಅಲ್ಲಿಯೂ ಚೀನಾದ ಎಣ್ಣೆಯ ಹಿತಾಸಕ್ತಿಯಿತ್ತು. ಎಣ್ಣೆ ಇದ್ದೆಡೆ ಹೋದರೆಂದು ಮೂಗು ಮುರಿಯುವುದು ಸುಲಭ. ಯಾವ ದೊಡ್ಡ ರಾಷ್ಟ್ರ ತಾನೆ ಸ್ವಾರ್ಥವಿಲ್ಲದ ಕಡೆಗೆ ಮಕ್ಕಳನ್ನು ಸಾಯಲು ಕಳುಹಿದೆ?

ನಿಜವಾದ ಪರೀಕ್ಷೆ ನಡೆದದ್ದು ೨೦೧೬ರ ಜುಲೈ ೮ರಿಂದ ೧೧ರವರೆಗೆ, ರಾಜಧಾನಿ ಜುಬಾದಲ್ಲಿ. ಅಧ್ಯಕ್ಷರ ಸೈನಿಕರಿಗೂ ಉಪಾಧ್ಯಕ್ಷರ ಕಡೆಯವರಿಗೂ ಕಾಳಗ ಹತ್ತಿತು. ವಿಶ್ವಸಂಸ್ಥೆಯ ಆವರಣದ ಪಕ್ಕದ ಶಿಬಿರಗಳಲ್ಲಿ ಸ್ವಂತ ಊರಿನಲ್ಲೇ ನಿರಾಶ್ರಿತರಾದ ಸಾವಿರಾರು ಜನ ಆಶ್ರಯ ಪಡೆದಿದ್ದರು. ೧೦ನೆಯ ತಾರೀಖು ಚೀನೀಯರ ಕವಚವಾಹನಕ್ಕೆ ರಾಕೆಟ್ ಗುಂಡು ತಗಲಿ ಇಬ್ಬರು ಯುವಕರು ಪ್ರಾಣ ಬಿಟ್ಟರು. ೧೧ರಂದು ಸರ್ಕಾರಿ ಸೈನಿಕರು ಒಂದು ವಸತಿಗೃಹಕ್ಕೆ ನುಗ್ಗಿ ಪರದೇಶದ ಸೇವಾಕಾರ್ಯಕರ್ತರ ಮೇಲೆ ಅತ್ಯಾಚಾರ ಮಾಡಿದರು, ಸ್ಥಳೀಯ ಪತ್ರಕರ್ತನೊಬ್ಬನನ್ನು ಕೊಂದರು. ನೆರವಿಗಾಗಿ ಮೊರೆ ಹೋಯಿತು. ಯಾವ ತುಕಡಿಯೂ ಹೊರಡಲಿಲ್ಲ.

ವಿಶ್ವಸಂಸ್ಥೆ ನೆದರ್‌ಲ್ಯಾಂಡಿನ ನಿವೃತ್ತ ಮೇಜರ್ ಜನರಲ್ ಪ್ಯಾಟ್ರಿಕ್ ಕ್ಯಾಮರ್ಟರಿಂದ ತನಿಖೆ ಮಾಡಿಸಿತು. ವರದಿ ನಿಷ್ಠುರವಾಗಿತ್ತು. ಚೀನೀ ಸೈನಿಕರು ೧೦ ಮತ್ತು ೧೧ರಂದು ಕನಿಷ್ಠ ಎರಡು ಸಲ ತಮ್ಮ ಕಾವಲಿನ ಕೆಲವು ಜಾಗಗಳನ್ನು ಬಿಟ್ಟುಹೋದರು ಎಂದು ಅದು ಹೇಳಿತು. ಇಷ್ಟನ್ನೇ ಹಿಡಿದು ಕುಣಿಯುವ ಮೊದಲು ಮುಂದಿನ ಸಾಲನ್ನೂ ಓದಬೇಕು: ಚೀನಾ, ಇಥಿಯೋಪಿಯ, ನೇಪಾಳ ಮತ್ತು ಭಾರತ, ಈ ನಾಲ್ಕೂ ದೇಶಗಳ ತುಕಡಿಗಳು ಒಂದೇ ಆಜ್ಞೆಯ ಕೆಳಗೆ ನಡೆಯಲಿಲ್ಲ, ನಾಲ್ಕು ದಾರಿಯಾದವು ಎಂದು ವರದಿ ದೂರಿತು. ಪಡೆಯ ದಂಡನಾಯಕ, ಕೀನ್ಯದವರು, ಕೆಲಸ ಕಳೆದುಕೊಂಡರು. ಕೀನ್ಯ ಸಿಟ್ಟಾಗಿ ತನ್ನ ಸೈನಿಕರನ್ನು ಹಿಂತೆಗೆದುಕೊಂಡಿತು. ಶ್ವೇತಪತ್ರದಲ್ಲಿ ಜುಬಾದ ಹುತಾತ್ಮರಿಗೆ ಸಲ್ಲಬೇಕಾದ ಗೌರವ ಸಂದಿದೆ. ಕ್ಯಾಮರ್ಟ್ ವರದಿಯ ಚರ್ಚೆ ಇಲ್ಲ.

ಜುಬಾದಲ್ಲಿ ಸೈನಿಕರ ಧೈರ್ಯಕ್ಕಿಂತ ದೊಡ್ಡ ಪ್ರಶ್ನೆಯೊಂದು ಬಯಲಾಯಿತು. ಆತಿಥೇಯ ಸರ್ಕಾರದ ಒಪ್ಪಿಗೆ, ನಿಷ್ಪಕ್ಷಪಾತ, ಆತ್ಮರಕ್ಷಣೆಗಲ್ಲದೆ ಬಲಪ್ರಯೋಗವಿಲ್ಲ — ಶಾಂತಿಪಾಲನೆಯ ಈ ಮೂರು ಸೂತ್ರಗಳನ್ನು ಚೀನಾ ಎಲ್ಲರಿಗಿಂತ ಜೋರಾಗಿ ಎತ್ತಿಹಿಡಿಯುತ್ತದೆ. ಭಾರತವೂ ಹಾಗೆಯೇ. ಪರಕೀಯರ ಆಳ್ವಿಕೆ ಕಂಡ ದೇಶಗಳಿಗೆ ಸಾರ್ವಭೌಮತ್ವದ ಬೆಲೆ ಗೊತ್ತಿರುತ್ತದೆ. ಆದರೆ ಜುಬಾದಲ್ಲಿ ಜನರನ್ನು ಬೆನ್ನಟ್ಟಿದವರೇ ಆತಿಥೇಯ ಸರ್ಕಾರದ ಸೈನಿಕರು! ಬಾಗಿಲು ತೆರೆದು ಒಳಗೆ ಕರೆದವನೇ ಮನೆಯವರನ್ನು ಹೊಡೆಯುವಾಗ ಅತಿಥಿ ಯಾರ ಪರ? ಶಾಂತಿ ಯಾರಿಗಾಗಿ, ಸರ್ಕಾರಕ್ಕೋ ಪ್ರಜೆಗೋ? ಕೊರಿಯಾದಿಂದ ಸೈಪ್ರಸ್ಸಿಗೆ, ಸೈಪ್ರಸ್ಸಿನಿಂದ ಜುಬಾಕ್ಕೆ ಚೀನಾದ ನಡೆ ಬಹಳ ಬದಲಾಗಿದೆ. ಈ ಪ್ರಶ್ನೆಗೆ ಅದರ ಉತ್ತರ ಮಾತ್ರ ಬದಲಾಗಿಲ್ಲ. ಸರ್ಕಾರವೇ ಮೊದಲು ಎಂಬುದೇ ಅದು.

ಉತ್ತರ ಬದಲಾಗದಿದ್ದರೂ ಅದನ್ನು ನಡೆಸಿಕೊಳ್ಳುವ ಶಕ್ತಿ ಬದಲಾಗಿದೆ. ಒಮ್ಮೆ ಒಂದು ಡಾಲರನ್ನೂ ಕೊಡದ ದೇಶದ ಪಾಲು ೨೦೧೩-೧೫ರಲ್ಲಿ ಶಾಂತಿಪಾಲನಾ ಖರ್ಚಿನ ಶೇಕಡಾ ೬.೬ರಷ್ಟಿತ್ತು; ೨೦೧೬ರಲ್ಲಿ ಶೇಕಡಾ ೧೦ ದಾಟಿತು; ೨೦೨೫-೨೭ರ ಅವಧಿಗೆ ಶೇಕಡಾ ೨೩ಕ್ಕೂ ಮೇಲು. ಮೊದಲ ಸ್ಥಾನದ ಅಮೆರಿಕದ್ದು ಸುಮಾರು ೨೬. ಹಣ ಕೊಡುವವನು ಲೆಕ್ಕವನ್ನೂ ಕೇಳುತ್ತಾನೆ. ವಿಶ್ವಸಂಸ್ಥೆಯ ಆಯವ್ಯಯ ನೋಡುವ ಐದನೆಯ ಸಮಿತಿಯಲ್ಲಿ, ಶಾಂತಿಪಡೆಗಳ ಜೊತೆ ಹೋಗುವ ಮಾನವಹಕ್ಕು ಅಧಿಕಾರಿಗಳ ಹುದ್ದೆಗಳನ್ನು ಕಡಿತ ಮಾಡಲು ಚೀನಾ ಮತ್ತು ರಷ್ಯ ಯತ್ನಿಸುತ್ತಿವೆಯೆಂದು ೨೦೧೮ರಲ್ಲಿ ಪತ್ರಿಕೆಗಳು ವರದಿ ಮಾಡಿದವು. ಹುದ್ದೆ ಕಡಿತದ ಮಹಿಮೆಯನ್ನು ಸರ್ಕಾರಿ ನೌಕರನಿಗೆ ಬಿಡಿಸಿ ಹೇಳಬೇಕಿಲ್ಲ. ನಿರ್ಣಯದಲ್ಲಿ ಮಾನವಹಕ್ಕಿನ ಮಾತು ಇದ್ದಹಾಗೆಯೇ ಇರುತ್ತದೆ. ಆ ಕೆಲಸ ಮಾಡುವ ಮನುಷ್ಯ ಇರುವುದಿಲ್ಲ. ವೀಟೋ ಹಾಕಿದರೆ ಜಗತ್ತೆಲ್ಲ ನೋಡುತ್ತದೆ. ಇದನ್ನು ಯಾರು ನೋಡುತ್ತಾರೆ?

ನಮ್ಮ ಕಡೆಯ ಲೆಕ್ಕ ಬೇರೆ ರೀತಿಯದು. ಭಾರತ ಇದುವರೆಗೆ ಮೂರು ಲಕ್ಷದ ಸಮೀಪ ಸೈನಿಕರನ್ನು ಕಳುಹಿದೆ; ಸುಮಾರು ೧೮೦ ಮಂದಿ ಹಿಂದಿರುಗಲಿಲ್ಲ, ಬೇರಾವ ದೇಶವೂ ಇಷ್ಟು ಮಂದಿಯನ್ನು ಕಳೆದುಕೊಂಡಿಲ್ಲ. ಖರ್ಚಿನಲ್ಲಿ ನಮ್ಮ ಪಾಲು ಶೇಕಡಾ ಒಂದಕ್ಕೂ ಕಡಿಮೆ; ಖಾಯಂ ಕುರ್ಚಿ ಇಲ್ಲ. ಅಂದರೆ ಪಡೆ ಎಲ್ಲಿಗೆ ಹೋಗಬೇಕು, ಏನು ಮಾಡಬೇಕು ಎಂಬ ಆಜ್ಞೆ ಬರೆಯುವ ಮೇಜಿನಲ್ಲಿ ಚೀನಾ ಖಾಯಂ. ನಾವು ಸರದಿ ಬಂದಾಗ ಎರಡೆರಡು ವರ್ಷ. ಕಾಫಿಯ ಎರಡನೆಯ ಪಕ್ಷದವರು ಚೀನಾದ ನಲವತ್ತು ಸಾವಿರವನ್ನು ಹೊಗಳುವಾಗ ನಮ್ಮ ಮೂರು ಲಕ್ಷವನ್ನು ಮರೆಯುವುದುಂಟು. ಆದರೆ ಆ ಮೂರು ಲಕ್ಷದ ಹೆಮ್ಮೆಯಲ್ಲಿ ಜುಬಾದ ಆ ಸಾಲನ್ನು ಮರೆಯುವುದೂ ಸರಿಯಲ್ಲ. ನಮ್ಮ ಪತ್ರಿಕೆಗಳಲ್ಲಿ ಅದರ ಚರ್ಚೆ ಎಷ್ಟಾಯಿತು?

ಈಗ ಕಾಲ ಮತ್ತೆ ಹೊರಳುತ್ತಿದೆ. ಮಾಲಿ ದೇಶದ ಕಾರ್ಯಾಚರಣೆ ೨೦೨೩ರ ಕೊನೆಗೆ ಮುಚ್ಚಿತು. ೧೯೭೮ರಲ್ಲಿ ಚೀನಾ ಮತ ಹಾಕದೆ ಕುಳಿತಿದ್ದಾಗ ಹುಟ್ಟಿದ ಲೆಬನಾನಿನ ಪಡೆಯನ್ನು ೨೦೨೬ರ ಡಿಸೆಂಬರ್ ೩೧ಕ್ಕೆ ಮುಗಿಸಬೇಕೆಂದು ಮಂಡಳಿ ೨೦೨೫ರ ಆಗಸ್ಟಿನಲ್ಲಿ ತೀರ್ಮಾನಿಸಿತು. ಅದೇ ವರ್ಷದ ಅಕ್ಟೋಬರಿನಲ್ಲಿ, ಹಣವಿಲ್ಲದೆ ಶಾಂತಿಪಡೆಗಳಲ್ಲಿ ನಾಲ್ಕರಲ್ಲೊಂದು ಪಾಲು ಸೈನಿಕರನ್ನು ಮನೆಗೆ ಕಳುಹಬೇಕಾಗಿದೆಯೆಂದು ವಿಶ್ವಸಂಸ್ಥೆ ತಿಳಿಸಿತು. ಅಮೆರಿಕ ಹಿಂದೆ ಸರಿದಷ್ಟೂ ಎರಡನೆಯ ದೊಡ್ಡ ಪಾಲುದಾರನ ಮಾತಿನ ತೂಕ ಹೆಚ್ಚುತ್ತದೆ. ೨೦೧೫ರಲ್ಲಿ ಷಿ ಜಿನ್‌ಪಿಂಗ್ ಮಾತುಕೊಟ್ಟ ಎಂಟು ಸಾವಿರ ಮಂದಿಯ ಸಿದ್ಧಪಡೆ ೨೦೧೭ರಲ್ಲಿಯೇ ನೋಂದಣಿಯಾಯಿತು. ಕರೆಯುವವರು ಯಾರು, ಯಾರ ಒಪ್ಪಿಗೆಯಿಂದ, ಯಾರ ಖರ್ಚಿನಲ್ಲಿ ಎಂಬುದೆಲ್ಲ ಇನ್ನು ಮುಂದಿನ ಕಾಗದಗಳು.

೨೦೩೦ಕ್ಕೆ ನಲವತ್ತು ವರ್ಷ ತುಂಬುತ್ತದೆ. ಆಗ ಇನ್ನೊಂದು ಶ್ವೇತಪತ್ರ ಬಂದರೂ ಬರಬಹುದು. ಬಂದರೆ ರಸ್ತೆ, ಸೇತುವೆಗಳ ಪುಟಗಳನ್ನು ಸಾವಕಾಶವಾಗಿ ಓದಿದರಾಯಿತು. ನಾವು ಮೊದಲು ಹುಡುಕುವುದು ಜುಬಾದ ಪುಟವನ್ನು.